ಏಕಾಂತಯ್ಯನವರ ಇಪ್ಪತ್ತು ಮೈಲಿ

ಒಂಟಿಕೊಪ್ಪಲಿನ ಏಕಾಂತಯ್ಯನವರು ತಮ್ಮ ನಲವತ್ತೆಂಟನೆಯ ವಯಸ್ಸಿನಲ್ಲಿ, ಯಾರ ಒತ್ತಾಯವೂ ಇಲ್ಲದೆ, ಒಂದು ಶನಿವಾರ ಮಧ್ಯಾಹ್ನ ಮೈಸೂರಿನ ಅತಿ ವೇಗದ ಸೈಕಲ್ ಸವಾರರಾಗಿಬಿಟ್ಟರು. ಅದೇ ದಿನ ಬೆಳಗ್ಗೆ ಮನೆ ಬಿಟ್ಟಾಗ ಅವರು ಊದುಬತ್ತಿ ಕಾರ್ಖಾನೆಯೊಂದರ ಸಾಧಾರಣ ಗುಮಾಸ್ತರು. ಪಂಚೆಯ ಅಂಚು ಚೈನಿಗೆ ಸಿಕ್ಕದಂತೆ ಮೇಲಕ್ಕೆ ಕಟ್ಟಿಕೊಂಡು, ಕಿವಿ ಮುಚ್ಚುವ ಹಾಗೆ ಮಫ್ಲರು ಸುತ್ತಿಕೊಂಡು, ಅಡ್ಡ ಬಂದ ಹಸುವಿಗೂ ಗಂಟೆ ಬಾರಿಸಿ ಮರ್ಯಾದೆಯಿಂದ ದಾರಿ ಕೇಳುವ ಮನುಷ್ಯ. ಸೈಕಲ್ಲಿನ ಹಿಂದೆ ಯಾವಾಗಲೂ ಊದುಬತ್ತಿಯ ಕಟ್ಟುಗಳಿರುತ್ತಿದ್ದವು. ಗಾಳಿ ಅನುಕೂಲವಾಗಿದ್ದರೆ ಅವರಿಗಿಂತ ಮೊದಲು ಅವರ ಪರಿಮಳ ಬೀದಿಗೆ ಬರುತ್ತಿತ್ತು. ಯಾವುದೋ ಉತ್ಸವ ಬರುತ್ತಿದೆ ಎಂದುಕೊಂಡು ಮುದುಕಿಯರು ಬಾಗಿಲಿಗೆ ಬಂದು ಕೈಮುಗಿದದ್ದೂ ಉಂಟು.

ಪ್ರತಿ ಶನಿವಾರ ಅವರು ಹುಣಸೂರು ರಸ್ತೆ ಹಿಡಿದು ಹಿನಕಲ್, ಹೂಟಗಳ್ಳಿ ಕಡೆಯ ಹಳ್ಳಿಗಳಿಗೆ ಹೋಗಿ, ಅಲ್ಲಿನ ಹೆಂಗಸರು ಮನೆಯಲ್ಲೇ ಹೊಸೆದಿಟ್ಟ ಕಡ್ಡಿಗಳನ್ನು ತರಬೇಕಾಗಿತ್ತು. ಆ ಶನಿವಾರ ಅವರ ಕೈಗೆ ಗಡಿಯಾರ ಬಂದಿತ್ತು. ಭಾವಮೈದ ಹೊಸದು ಕೊಂಡವನು ಹಳೆಯದನ್ನು ಇವರಿಗೆ ಕಟ್ಟಿದ್ದ. ಕೈಗೆ ಗಡಿಯಾರ ಬಂದ ಗಂಡಸು ಏನನ್ನಾದರೂ ಅಳೆಯದೆ ಬಿಡುವುದಿಲ್ಲ. ಏಕಾಂತಯ್ಯನವರು ತಮ್ಮ ವೇಗವನ್ನೇ ಅಳೆಯಹೊರಟರು. ಹಿನಕಲ್ ದಾಟಿದ ಮೇಲೆ ರಸ್ತೆ ಬದಿಯ ಒಂದು ಮೈಲಿಗಲ್ಲಿನ ಹತ್ತಿರ ಹೊತ್ತು ನೋಡಿಕೊಂಡು ಪೆಡಲು ತುಳಿದರು. ಕಾಲು ಗಂಟೆ ಆಗುವಷ್ಟರಲ್ಲಿ ಐದು ಕಲ್ಲು ಹಿಂದೆ ಬಿದ್ದವು. ಕಾಲು ಗಂಟೆಗೆ ಐದಾದರೆ ಗಂಟೆಗೆ ಇಪ್ಪತ್ತು. ಹೋದ ವರ್ಷ ಇದೇ ಗಡಿಯಾರವನ್ನು ಎರವಲು ತಂದು ನೋಡಿದಾಗ ಬರೀ ಹನ್ನೆರಡು ಬಂದಿತ್ತು. ಏಕಾಂತಯ್ಯನವರು ಸೈಕಲ್ಲಿನಿಂದ ಇಳಿದು, ತಮ್ಮ ಕಾಲುಗಳನ್ನು ಬೇರೆ ಯಾರದೋ ಕಾಲು ನೋಡುವಂತೆ ಗೌರವದಿಂದ ನೋಡಿದರು.

ಇಲ್ಲಿ ಓದುಗರಿಗೆ ಒಂದು ನಿಜ ಹೇಳಿಬಿಡಬೇಕು, ಆಮೇಲೆ ನಮ್ಮ ಮೇಲೆ ದೂರು ಬರಬಾರದು. ಆಣೆ ಹೋಗಿ ನಯಾ ಪೈಸೆ ಬಂದ ಹಾಗೆ, ಆಗ ತಾನೇ ಮೈಲಿ ಹೋಗಿ ಕಿಲೋಮೀಟರು ಬರುತ್ತಿದ್ದ ಕಾಲ ಅದು. ಹುಣಸೂರು ರಸ್ತೆಯಲ್ಲಿ ಹಳೆಯ ಮೈಲಿಗಲ್ಲು ಕಿತ್ತು, ಕಿಲೋಮೀಟರಿಗೊಂದರಂತೆ ಹೊಸ ಕಲ್ಲು ನೆಟ್ಟು, ಸುಣ್ಣ ಬಳಿದಿದ್ದರು. ಅಂಕಿ ಬರೆಯುವವನು ಮಾತ್ರ ಇನ್ನೂ ಬಂದಿರಲಿಲ್ಲ. ಮೈಲಿ ಎಂದರೆ ಎಂಟು ಫರ್ಲಾಂಗು, ಕಿಲೋಮೀಟರು ಎಂದರೆ ಐದೇ ಫರ್ಲಾಂಗು. ಕಲ್ಲುಗಳು ಹತ್ತಿರ ಹತ್ತಿರ ಬಂದಿದ್ದವೇ ಹೊರತು ಏಕಾಂತಯ್ಯನವರು ಹೋದ ವರ್ಷ ಹೋಗುತ್ತಿದ್ದ ವೇಗದಲ್ಲೇ ಹೋಗುತ್ತಿದ್ದರು. ಇನ್ನು, ಹೂಟಗಳ್ಳಿ ಎಷ್ಟು ದೂರ ಎಂದು ಯಾರನ್ನಾದರೂ ಕೇಳಿ ತಾಳೆ ನೋಡೋಣವೆಂದರೆ, ಆ ದಾರಿಯಲ್ಲಿ ಯಾರನ್ನು ಕೇಳಿದರೂ "ಇಲ್ಲೇ ಸ್ವಾಮಿ" ಎನ್ನುತ್ತಿದ್ದರು.

ಮನೆಗೆ ಬಂದವರೇ ಹೆಂಡತಿ ಮಂಜುಳಮ್ಮನವರಿಗೆ ವಿಷಯ ಹೇಳಿದರು.

"ಮಂಜುಳಾ, ಗಂಟೆಗೆ ಇಪ್ಪತ್ತು ಮೈಲಿ ಕಣೇ! ಈ ವಯಸ್ಸಲ್ಲಿ!"

ಮಂಜುಳಮ್ಮ ಅವರೆಕಾಯಿ ಸುಲಿಯುತ್ತಾ ಬೇರೆಯದೇ ಯೋಚನೆಯಲ್ಲಿದ್ದರು. ಅವರ ಒಬ್ಬಳೇ ಮಗಳು ಪ್ರೇಮಲೀಲಾ ನಂಜನಗೂಡಿನಲ್ಲಿ ಅತ್ತೆಯ ಮನೆಯಲ್ಲಿದ್ದಳು. ಐದು ತಿಂಗಳ ಬಸುರಿ. ತಿಂದದ್ದೊಂದೂ ಹೊಟ್ಟೆಯಲ್ಲಿ ನಿಲ್ಲದೆ ಹುಡುಗಿ ಸೊರಗಿದ್ದಾಳೆ ಎಂದು ಸುದ್ದಿ ಬಂದಿತ್ತು.

"ಇಪ್ಪತ್ತೋ ನಲವತ್ತೋ, ಮಗೂಗೆ ಒಂದು ತುತ್ತು ಸೇರ್ತಿಲ್ವಂತೆ, ಅದನ್ನ ಯೋಚ್ನೆ ಮಾಡಿ."

"ಎಲ್ಲಾ ನಿನ್ನ ಕೈ ಗುಣ ಕಣೇ. ದಿನಾ ಬೆಳಗ್ಗೆ ಮೆಂತ್ಯ ನೆನೆಸಿ ಕೊಡ್ತೀಯಲ್ಲ, ಅದ್ರದ್ದೇ ಈ ಶಕ್ತಿ."

ಮೂರು ವರ್ಷದಿಂದ ಮುಖ ಕಿವುಚಿಕೊಂಡು ಮೆಂತ್ಯದ ನೀರು ಕುಡಿಯುತ್ತಿದ್ದ ಗಂಡ ಅದನ್ನು ಹೊಗಳಿದ್ದು ಇದೇ ಮೊದಲು. ಮಂಜುಳಮ್ಮನ ಮುಖ ಅರಳಿತು. ಮಾರನೆಯ ದಿನ ನಲ್ಲಿಯ ಹತ್ತಿರ ಪಕ್ಕದ ಮನೆಯ ಅಂಬುಜಮ್ಮನಿಗೆ ಮೆಂತ್ಯದ ಮಹಿಮೆ ಹೇಳುವಾಗ ಇಪ್ಪತ್ತು ಮೈಲಿಯನ್ನೂ ಸೇರಿಸಿದರು. ಅಂಬುಜಮ್ಮನ ಬಾಯಲ್ಲಿ ಅದು ಇಪ್ಪತ್ತೈದಾಯಿತು. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಏಕಾಂತಯ್ಯನವರು ಮೂವತ್ತು ಮೈಲಿ ವೇಗದಲ್ಲಿ ಹೋಗುತ್ತಿದ್ದರು. ಅವರು ಮನೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರೂ ವೇಗ ಏರುತ್ತಲೇ ಇತ್ತು.

"ಆದ್ರೆ ನೋಡಿದ್ರೆ ಅಂಗ್ ಕಾಣಲ್ವಲ್ಲ" ಎಂದು ಬೀದಿಯಲ್ಲಿ ಒಬ್ಬಿಬ್ಬರು ಅನುಮಾನಪಟ್ಟರು. ಏಕಾಂತಯ್ಯನವರು ಅದಕ್ಕೂ ಉತ್ತರ ಇಟ್ಟುಕೊಂಡಿದ್ದರು.

"ಊರೊಳಗೆ ನಾನು ನಿಧಾನ ಕಣ್ರೀ. ಮಕ್ಕಳುಮರಿ ಓಡಾಡ್ತಾವೆ."

ಅನುಮಾನ ಇದ್ದವರ ಬಾಯಿ ಮುಚ್ಚಿಸಿದ್ದು ಅಂಬುಜಮ್ಮನ ಗಂಡ ಕೃಷ್ಣಪ್ಪನವರ ಹಲ್ಲು. ಕೃಷ್ಣಪ್ಪನವರು ತಂಗಿಯ ಮಗಳಿಗೆ ಗಂಡು ನೋಡಲು ಬೆಂಗಳೂರಿಗೆ ಹೊರಟು, ಹಲ್ಲಿನ ಸೆಟ್ಟನ್ನು ಲೋಟದಲ್ಲೇ ಬಿಟ್ಟು ಸ್ಟೇಷನ್ನಿಗೆ ಹೋಗಿಬಿಟ್ಟಿದ್ದರು. ಅಂಬುಜಮ್ಮ ಲೋಟ ಸಮೇತ ಏಕಾಂತಯ್ಯನವರ ಬಾಗಿಲಿಗೆ ಓಡಿಬಂದರು.

"ಅಣ್ಣಾವ್ರೇ, ಹಲ್ಲಿಲ್ದೆ ಹೋದ್ರೆ ಸಂಬಂಧ ಕೆಟ್ಟೋಗುತ್ತೆ! ರೈಲು ಬುಡೋ ಹೊತ್ತು ಆಗೋಯ್ತು. ಇನ್ಯಾರ ಕೈಲೂ ಆಗಲ್ಲ, ನೀವೇ ಆಗ್ಬೇಕು!"

ನೀವೇ ಆಗಬೇಕು ಎಂಬ ಮಾತನ್ನು ಏಕಾಂತಯ್ಯನವರಿಗೆ ಜನ್ಮದಲ್ಲಿ ಯಾರೂ ಹೇಳಿರಲಿಲ್ಲ. ಹಲ್ಲನ್ನು ಮಫ್ಲರಿನಲ್ಲಿ ಸುತ್ತಿಕೊಂಡು ಹೊರಟೇಬಿಟ್ಟರು. ಅವರು ಸ್ಟೇಷನ್ ಮುಟ್ಟುವ ಮೊದಲೇ ರೈಲು ಹೊರಟಾಗಿತ್ತು, ಆದರೆ ಯಾರದೋ ಎಮ್ಮೆ ಹಳಿಯ ಮೇಲೆ ಮಲಗಿ ಏಳುವುದಿಲ್ಲ ಎಂದು ಹಟ ಹಿಡಿದದ್ದರಿಂದ ಪ್ಲಾಟ್‌ಫಾರ್ಮಿನ ತುದಿಯಲ್ಲೇ ನಿಂತಿತ್ತು. ಏಕಾಂತಯ್ಯನವರು ಕಿಟಕಿಯೊಳಗೆ ಹಲ್ಲು ಕೊಟ್ಟರು. ಎಮ್ಮೆಯ ಸಂಗತಿ ತಿಳಿಯದ ಕೃಷ್ಣಪ್ಪನವರು ಹಲ್ಲು ಹಾಕಿಕೊಳ್ಳುವ ಮೊದಲೇ ಡಬ್ಬಿಯವರಿಗೆಲ್ಲ ಕೇಳುವಂತೆ ಕೂಗಿದರು.

"ಹೊಂಟ ರೈಲ್ನ ಸೈಕಲ್ಲಲ್ಲಿ ಬಂದ್ ಹಿಡ್ದ್‌ಬುಟ್ರು ಕಣ್ರೋ!"

ಹಲ್ಲಿಲ್ಲದ ಬಾಯಿಂದ ಬಂದ ಮಾತಾದರೂ ಅದು ಸ್ಪಷ್ಟವಾಗಿಯೇ ಒಂಟಿಕೊಪ್ಪಲು ತಲುಪಿತು. ಎಮ್ಮೆಗೆ ಸಲ್ಲಬೇಕಾದ ಕೀರ್ತಿಯೂ ಏಕಾಂತಯ್ಯನವರಿಗೇ ಸಂದಿತು.

ಮೂಲೆಯ ಸೈಕಲ್ ಅಂಗಡಿಯ ಚೆಲುವರಾಜು ದಸರಾ ಸೈಕಲ್ ಪಂದ್ಯದಲ್ಲಿ ಎರಡು ಸಲ ಗೆದ್ದ ಹುಡುಗ. ಅವನು ಪ್ರತಿ ಭಾನುವಾರ ಗೆಳೆಯರನ್ನು ಕೂಡಿಕೊಂಡು ಸವಾರಿ ಹೋಗುತ್ತಿದ್ದ. ಅವನಿಗೆ ಈ ಲೆಕ್ಕ ಅರಗಲಿಲ್ಲ.

"ಅಯ್ಯನೋರೇ, ತಪ್ಪು ತಿಳ್ಕೋಬೇಡಿ. ಸಾಮಾನ್ಯ ಜನ ಹತ್ತು ಮೈಲಿ ಹೊಡೀತಾರೆ. ಅಭ್ಯಾಸ ಇದ್ದೋರು ಹನ್ನೆರಡು, ಹದಿನೈದು. ನಾನು ರೇಸ್ ಸೈಕಲ್ಲಲ್ಲಿ ಪ್ರಾಣ ಬುಟ್ಟು ತುಳಿದ್ರೆ ಇಪ್ಪತ್ತು, ಅದೂ ಸ್ವಲ್ಪ ದೂರ. ನೀವು ಈ ಕ್ಯಾರಿಯರ್ರು, ಈ ಮಫ್ಲರ್ರು ಇಟ್ಕೊಂಡು ಎಂಗೆ?"

ಏಕಾಂತಯ್ಯನವರು ಅಂಗಡಿಯ ಮುರುಕು ಸ್ಟೂಲಿನ ಮೇಲೆ ಕೂತು, ಗೊತ್ತಿಲ್ಲದ ವಿಷಯದ ಮೇಲೆ ಮಾತಾಡುವವರಿಗೆ ಸಹಜವಾಗಿ ಬರುವ ಗಾಂಭೀರ್ಯದಿಂದ ಹೇಳಿದರು.

"ಎಲ್ಲಾ ಹದದಲ್ಲಿದೆ ಕಣಪ್ಪ. ಮೊದಲ್ನೇ ಭಾಗ ಮಾವನ ಮನೆಗೆ ಹೋಗೋ ಥರ ಹೋಗ್ಬೇಕು. ಗಂಭೀರವಾಗಿ, ಬೆವರದೆ. ನಡುವಿನ ಭಾಗ ಆಫೀಸಿಗೆ ಹೋಗೋ ಥರ. ಹೆಚ್ಚೂ ಇಲ್ಲ ಕಮ್ಮೀನೂ ಇಲ್ಲ, ಒಂದೇ ಸಮ. ಕೊನೇ ಭಾಗ ಹಸ್ಕೊಂಡು ಮನೆಗೆ ಬರೋ ಥರ. ನೀವು ಹುಡುಗ್ರು ಮೊದಲೇ ಹಸ್ಕೊಂಡು ಓಡ್ತೀರಿ, ಆಮೇಲೆ ದಾರೀಲಿ ನಾಲಿಗೆ ಚಾಚ್ತೀರಿ. ಮತ್ತೆ, ಮೆಂತ್ಯ ಮರೀಬೇಡಿ."

ವಿಚಿತ್ರವೆಂದರೆ ಈ ಉಪದೇಶ ಸರಿಯಾಗಿಯೇ ಇತ್ತು. ಮುಂದಿನ ಭಾನುವಾರ ಹುಡುಗರು ಹಾಗೆಯೇ ಮಾಡಿ, ಎಂದಿಗಿಂತ ಬೇಗ ಶ್ರೀರಂಗಪಟ್ಟಣ ಮುಟ್ಟಿದರು. ಅಂದಿನಿಂದ ಚೆಲುವರಾಜುವಿಗೆ ಅನುಮಾನ ಹೋಗಿ ಭಕ್ತಿ ಬಂತು. ಬೀದಿಯ ಅಂಗಡಿಯಲ್ಲಿ ಮೆಂತ್ಯ ಸಿಗದಂತಾಯಿತು.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ಮಗಳನ್ನು ನೋಡಲು ಬಸ್ಸಿನಲ್ಲಿ ನಂಜನಗೂಡಿಗೆ ಹೋದರು.

ಪ್ರೇಮಲೀಲಾ ಕಂಬಕ್ಕೆ ಒರಗಿ ಕೂತಿದ್ದಳು. ಕಣ್ಣ ಸುತ್ತ ಕಪ್ಪು, ಬಳೆ ಮೊಣಕೈವರೆಗೂ ಜಾರುತ್ತಿತ್ತು. ಅಪ್ಪನನ್ನು ಕಂಡು ನಗಲು ಹೋಗಿ ಅತ್ತುಬಿಟ್ಟಳು. ಅವಳ ಗಂಡನಿಗೆ ಚಾಮರಾಜನಗರದಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದ. ಉಳಿದ ದಿನವೆಲ್ಲ ಮನೆಯಲ್ಲಿ ಅವಳು, ಅತ್ತೆ ಶಿವನಂಜಮ್ಮ, ಮಾವ ಶಿವರುದ್ರಪ್ಪ, ಮೂವರೇ. ಶಿವರುದ್ರಪ್ಪನವರು ರಸ್ತೆ ಕೆಲಸದ ಓವರ್ಸಿಯರು. ಹೊರಗೆ ನೂರು ಆಳಿಗೆ ಜೋರು ಮಾಡುತ್ತಿದ್ದ ಗಂಟಲು ಮನೆಯ ಹೊಸ್ತಿಲು ದಾಟಿದ ಕೂಡಲೇ ಕೆಮ್ಮುವುದಕ್ಕೆ ಮಾತ್ರ ಉಪಯೋಗವಾಗುತ್ತಿತ್ತು. ಮನೆಯಲ್ಲಿ ಮಾತು ಶಿವನಂಜಮ್ಮನವರದು.

"ಏನೂ ಸೇರಲ್ಲ ಅಂತಾಳೆ" ಎಂದರು ಶಿವನಂಜಮ್ಮ. "ನಾನೇನು ಮಾಡಿ ಹಾಕಿಲ್ಲ ಹೇಳಿ? ಅವ್ವನ ಕೈಯ ಅಕ್ಕಿರೊಟ್ಟಿ ಬೇಕಂತೆ. ಅವರೆಕಾಳು ಹಾಕಿದ್ದು. ಹಂಚಿಂದ ಆಗ ತಾನೇ ಇಳಿಸಿದ್ದು. ನಾನೂ ಮಾಡ್ದೆ. ಮುಟ್ಟಿ ನೋಡಿ ಬುಟ್ಟುಬುಟ್ಳು."

ಮಂಜುಳಮ್ಮನವರ ಕೈ ಅಡುಗೆಮನೆಯ ಕಡೆಗೆ ಎಳೆಯಿತು, ಆದರೆ ಬೀಗರ ಮನೆಯ ಒಲೆ ಮುಟ್ಟುವುದು ಎಲ್ಲಾದರೂ ಉಂಟೇ? ಅವರ ರೊಟ್ಟಿ ಸರಿಯಿಲ್ಲ ಎಂದು ಡಂಗುರ ಸಾರಿದಂತೆ. ಮೆಲ್ಲಗೆ ಬೇರೆ ದಾರಿ ಹಿಡಿದರು.

"ಒಂದೆರಡು ತಿಂಗಳು ಮುಂಚೇನೇ ಕರ್ಕೊಂಡು ಹೋಗ್ಲಾ ಅಕ್ಕಾವ್ರೇ? ಚೇತರಿಸ್ಕೊಳ್ತಾಳೆ."

ಶಿವನಂಜಮ್ಮನ ಮುಖ ಬಿಗಿಯಿತು. ಅವರೇನೂ ಕಟುಕರಲ್ಲ. ಅವರಿಗೆ ಹೆಣ್ಣುಮಕ್ಕಳಿರಲಿಲ್ಲ. ಕೆಮ್ಮುವ ಗಂಡನೊಡನೆ ಇಪ್ಪತ್ತೈದು ವರ್ಷ ಕಳೆದ ಮೇಲೆ ಮನೆಗೆ ಮಾತಾಡುವ ಜೀವವೊಂದು ಬಂದಿತ್ತು. ಅದನ್ನು ಬಿಟ್ಟುಕೊಡಲು ಮನಸ್ಸು ಬರುತ್ತಿರಲಿಲ್ಲ, ಹಾಗೆಂದು ಹೇಳಿಕೊಳ್ಳಲು ಬಿಗುಮಾನ ಬಿಡುತ್ತಿರಲಿಲ್ಲ.

"ನಮ್ಮ ಮನೇಲಿ ಸೀಮಂತ ಆಗ್ದೆ ಕಳಿಸೋ ಪದ್ಧತಿ ಇಲ್ಲ. ರೊಟ್ಟಿ ಬೇಕಾದ್ರೆ ಮೈಸೂರಿಂದ ಕಳಿಸ್ಕೊಡಿ. ಇಲ್ಲಿಗೆ ಬರೋ ಹೊತ್ಗೆ ಎಕ್ಕಡ ಆಗಿರುತ್ತೆ, ಅಷ್ಟೇ."

ಏಕಾಂತಯ್ಯನವರು ಎದ್ದು ನಿಂತರು.

"ಅಮ್ಮಾವ್ರೇ, ಹಂಚಿಂದ ಇಳಿಸಿದ ರೊಟ್ಟಿ ಹಬೆ ಆಡ್ತಾ ಇರೋ ಹಾಗೇ ನಿಮ್ಮ ಬಾಗಿಲಿಗೆ ತರ್ತೀನಿ. ನಮ್ಮ ಮನೆಯಿಂದ ಇಲ್ಲಿಗೆ ಹದಿನೈದು ಮೈಲಿ. ನನಗೆ ಮುಕ್ಕಾಲು ಗಂಟೆ ದಾರಿ."

"ಸೈಕಲ್ಲಲ್ಲಾ?"

"ಗಂಟೆಗೆ ಇಪ್ಪತ್ತು ಮೈಲಿ ನನ್ನ ವೇಗ. ಹುಣಸೂರು ರಸ್ತೇಲಿ ಹೊಸ ಕಲ್ಲು ನೆಟ್ಟಿದ್ದಾರಲ್ಲ, ಅದನ್ನ ಎಣಿಸಿ ಅಳೆದಿದ್ದೀನಿ."

ಮೂಲೆಯಲ್ಲಿ ಕೂತಿದ್ದ ಶಿವರುದ್ರಪ್ಪನವರು ಬೆಚ್ಚಿಬಿದ್ದರು. ಆ ಕಲ್ಲುಗಳನ್ನು ಮುಂದೆ ನಿಂತು ನೆಡಿಸಿದವರು ಅವರೇ.

"ಬೀಗರೇ, ಆ ಕಲ್ಲು..."

"ನೀವು ಸುಮ್ನಿರಿ" ಎಂದರು ಶಿವನಂಜಮ್ಮ. ಶಿವರುದ್ರಪ್ಪನವರು ಕೆಮ್ಮಿದರು.

"ಹಂಗಾದ್ರೆ ಕೇಳಿ" ಎಂದರು ಶಿವನಂಜಮ್ಮ. "ಬರೋ ಭಾನುವಾರ ಬಿಸಿ ರೊಟ್ಟಿ ತನ್ನಿ. ನನ್ನ ಕೈ ಸುಡಬೇಕು. ಸುಟ್ರೆ ಅವತ್ತೇ ನಿಮ್ಮ ಮಗಳನ್ನ ಕರ್ಕೊಂಡು ಹೋಗಿ. ತಣ್ಣಗಿದ್ರೆ ಸೀಮಂತದವರೆಗೂ ಯಾರೂ ಸೊಲ್ಲೆತ್ತಬಾರ್ದು."

"ಅಲ್ಲ ಕಣೇ, ಕಲ್ಲು ಈಗ..." ಎಂದು ಶಿವರುದ್ರಪ್ಪನವರು ಮತ್ತೆ ತೊಡಗಿದರು.

"ಸುಮ್ನಿರಿ ಅಂದೆ."

ಮಾತು ಆಡಿದರೆ ಹೋಯಿತು. ಏಕಾಂತಯ್ಯನವರು ಆಡಿಬಿಟ್ಟಿದ್ದರು. ಕಂಬಕ್ಕೆ ಒರಗಿದ್ದ ಪ್ರೇಮಲೀಲಾ ಎರಡು ತಿಂಗಳಲ್ಲಿ ಮೊದಲ ಸಲ ನೆಟ್ಟಗೆ ಕೂತಳು. "ಅಪ್ಪಾಜಿ, ನಿಜವಾಗ್ಲೂ ತರ್ತೀರಾ?" ಎಂದಳು. ಅಪ್ಪ ತಲೆ ಮುಟ್ಟಿ ಆಣೆ ಮಾಡಿದರು.

ಭಾನುವಾರ ಬೆಳಗ್ಗೆ ಒಂಟಿಕೊಪ್ಪಲಿನ ಆ ಬೀದಿಯಲ್ಲಿ ಯಾರೂ ತಮ್ಮ ಮನೆ ಕೆಲಸ ಮಾಡಲಿಲ್ಲ. ಮಂಜುಳಮ್ಮ ಒಲೆಯ ಮುಂದೆ, ಅಂಬುಜಮ್ಮ ಬಾಳೆಲೆ ಬಾಡಿಸುತ್ತಾ ಪಕ್ಕದಲ್ಲಿ, ಬೆಂಗಳೂರಿನಿಂದ ಹಲ್ಲು ಸಮೇತ ಮರಳಿದ ಕೃಷ್ಣಪ್ಪನವರು ಕಂಬಳಿ ಹಿಡಿದು ಬಾಗಿಲಲ್ಲಿ. ಚೆಲುವರಾಜು ರೇಸ್ ಸೈಕಲ್ಲು ತಂದು ನಿಂತಿದ್ದ.

"ಅಯ್ಯನೋರೇ, ನಾನು ಮುಂದೆ ಹೋಯ್ತೀನಿ. ಎದುರು ಗಾಳಿಯೆಲ್ಲ ನಾನು ತಡೀತೀನಿ. ನೀವು ನನ್ನ ಹಿಂದಿನ ಚಕ್ರಕ್ಕೆ ಅಂಟ್ಕೊಂಡಂಗೆ ಬನ್ನಿ. ನೀವು ಇನ್ನೂ ಜೋರು ಹೋಗ್ಬೇಕು ಅಂದ್ರೆ ಗಂಟೆ ಹೊಡೀರಿ, ನಾನು ಪಕ್ಕಕ್ಕೆ ಸರೀತೀನಿ."

ಹಂಚಿನಿಂದ ರೊಟ್ಟಿ ಇಳಿಯಿತು, ಬಾಳೆಲೆಗೆ ಬಿತ್ತು, ಹಿತ್ತಾಳೆ ಡಬ್ಬಿಗೆ ಸೇರಿತು, ಡಬ್ಬಿಯನ್ನು ಕಂಬಳಿ ಸುತ್ತಿಕೊಂಡಿತು. ಹಸುಗೂಸನ್ನು ಹೊರುವಂತೆ ಅದನ್ನು ಕ್ಯಾರಿಯರಿಗೆ ಕಟ್ಟಿದರು. ಮಂಜುಳಮ್ಮ ಗಂಡನ ಮಫ್ಲರು ಸರಿಮಾಡುತ್ತಾ, "ನಮ್ಮ ಮಗೂನ ಕರ್ಕೊಂಡು ಬನ್ನಿ" ಎಂದರು. ಅವರ ಕಣ್ಣು ತುಂಬಿತ್ತು. ಏಕಾಂತಯ್ಯನವರು ಡಬ್ಬಿಯ ಕಟ್ಟನ್ನು ಇನ್ನೊಮ್ಮೆ ಬಿಗಿದು ಪೆಡಲು ತುಳಿದರು.

ಚಾಮುಂಡಿ ಬೆಟ್ಟ ಎಡಕ್ಕೆ ಬರುವವರೆಗೆ ಚೆಲುವರಾಜು ಮುಂದೆ ಕಾಣುತ್ತಿದ್ದ. ಆಮೇಲೆ ಅವನು ಭಕ್ತಿಯಿಂದ ತಲೆ ತಗ್ಗಿಸಿ, ಹಿಂದೆ ಇಪ್ಪತ್ತು ಮೈಲಿಯವರು ಬರುತ್ತಿದ್ದಾರೆಂಬ ಭಯದಲ್ಲಿ ಒಂದೇ ಸಮ ತುಳಿದ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ರಸ್ತೆ ಖಾಲಿ. ಬೇರೆ ಯಾರಾದರೂ ಆಗಿದ್ದರೆ ಹಿಂದಿನವರು ಹಿಂದೆ ಉಳಿದರು ಎಂದು ತಿಳಿಯುತ್ತಿದ್ದರು. ಚೆಲುವರಾಜುವಿಗೆ ಆ ಯೋಚನೆಯೇ ಬರಲಿಲ್ಲ. 'ಅಯ್ಯನೋರು ಯಾವಾಗ್ಲೋ ನನ್ನ ದಾಟಿ ಹೋಗ್ಬುಟ್ರು, ನಂಗೆ ಗೊತ್ತೇ ಆಗ್ಲಿಲ್ಲ' ಎಂದು ನಾಚಿಕೊಂಡು, ಅವರನ್ನು ಹಿಡಿಯಲು ಜೀವ ಬಿಟ್ಟು ನಂಜನಗೂಡಿನ ಕಡೆಗೆ ಓಡಿಸಿದ.

ಇತ್ತ ಏಕಾಂತಯ್ಯನವರಿಗೆ ಮೈಲಿಗಲ್ಲುಗಳ ಮೇಲೆ ಅನುಮಾನ ಹುಟ್ಟಿತ್ತು. ನಂಜನಗೂಡು ರಸ್ತೆಯಲ್ಲಿ ಇನ್ನೂ ಹಳೆಯ ಕಲ್ಲುಗಳೇ ಇದ್ದವು. ಎಷ್ಟು ತುಳಿದರೂ ಮುಂದಿನ ಕಲ್ಲು ಬರಲೊಲ್ಲದು. ಗಡಿಯಾರದ ಮುಳ್ಳು ಮಾತ್ರ ಓಡುತ್ತಿತ್ತು. ಮಾವನ ಮನೆ, ಆಫೀಸು ಎಲ್ಲ ಮರೆತು ಅವರು ಮೊದಲಿನಿಂದಲೇ ಹಸಿದು ಮನೆಗೆ ಹೋಗುವವರಂತೆ ತುಳಿದರು. ಏದುಸಿರು ಬಂತು. ಎದುರಿಗೆ ಗಾಡಿ ಹೊಡೆದುಕೊಂಡು ಬರುತ್ತಿದ್ದ ರೈತನೊಬ್ಬನನ್ನು ಕೂಗಿ ಕೇಳಿದರು.

"ಏನಪ್ಪಾ, ಈ ರಸ್ತೇಲಿ ಯಾರಾದ್ರೂ ಮೈಲಿಗಲ್ಲು ಕಿತ್ಕೊಂಡು ಹೋಗಿದ್ದಾರಾ?"

ಗಾಡಿಯವನು ಹಿಂದೆ ನೋಡಿದ, ಇವರನ್ನೂ ನೋಡಿದ.

"ಕಲ್ಲು ಅಲ್ಲೇ ಅದೆ ಸ್ವಾಮಿ. ನೀವೇ ಇನ್ನೂ ಅಲ್ಲಿಗಂಟ ಬಂದಿಲ್ಲ."

ಮುಕ್ಕಾಲು ಗಂಟೆ ಮುಗಿದಾಗ ದಾರಿ ಇನ್ನೂ ಬಹಳ ಉಳಿದಿತ್ತು. ಏಕಾಂತಯ್ಯನವರು ಒಂದು ಕೈಯಲ್ಲಿ ಹ್ಯಾಂಡಲು ಹಿಡಿದು ಇನ್ನೊಂದು ಕೈಯಿಂದ ಹಿಂದಿನ ಕಂಬಳಿಯೊಳಗೆ ಡಬ್ಬಿ ಮುಟ್ಟಿ ನೋಡಿದರು. ಬೆಚ್ಚಗಿತ್ತು. ಇನ್ನೊಂದು ಕಲ್ಲು ದಾಟಿ ಮುಟ್ಟಿದರು, ಉಗುರು ಬೆಚ್ಚಗೆ. ಏರಿನಲ್ಲಿ ಇಳಿದು ಸೈಕಲ್ಲು ತಳ್ಳುವಾಗ ಇನ್ನೊಮ್ಮೆ ಮುಟ್ಟಿದರೆ ಹಿತ್ತಾಳೆ ತಣ್ಣಗಿತ್ತು. ನೆಟ್ಟಗೆ ಕೂತು "ನಿಜವಾಗ್ಲೂ ತರ್ತೀರಾ" ಎಂದ ಮಗಳ ಮುಖ ಕಣ್ಣಿಗೆ ಬಂತು. ಏಕಾಂತಯ್ಯನವರಿಗೆ ರಸ್ತೆಯಲ್ಲೇ ಅಳು ಬಂತು. ಅಳುತ್ತಲೇ ತುಳಿದರು.

ಕಪಿಲಾ ಸೇತುವೆಯ ಈಚೆ ತುದಿಯಲ್ಲಿ ಇಬ್ಬರು ಕಾಯುತ್ತಿದ್ದರು. ಒಬ್ಬ ಚೆಲುವರಾಜು. ಅಯ್ಯನೋರು ಮುಂದೆ ಹೋಗಿಲ್ಲ ಎಂದು ಖಾತರಿಯಾದ ಮೇಲೆ ಪೆಚ್ಚಾಗಿ ಕಲ್ಲಿನ ಮೇಲೆ ಕೂತಿದ್ದ. ಇನ್ನೊಬ್ಬರು ಶಿವರುದ್ರಪ್ಪನವರು. ಒಂದು ವಾರದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ವಾಕ್ಯವನ್ನು ಹೆಂಡತಿಯ ಕಿವಿಗೆ ಬೀಳದ ಜಾಗದಲ್ಲಿ ಮುಗಿಸಲು ಅವರು ಅಷ್ಟು ದೂರ ನಡೆದು ಬಂದಿದ್ದರು.

"ಬೀಗರೇ, ಆ ಕಲ್ಲು ಮೈಲಿಗಲ್ಲಲ್ಲ! ಕಿಲೋಮೀಟರ್ ಕಲ್ಲು. ನಾನೇ ನೆಡಿಸಿದ್ದು. ಐದು ಫರ್ಲಾಂಗಿಗೆ ಒಂದು. ನೀವು ಇಪ್ಪತ್ತು ಎಣಿಸಿದ್ರೆ ಅದು ಹನ್ನೆರಡು ಮೈಲಿ."

ಏಕಾಂತಯ್ಯನವರು ಸೈಕಲ್ಲಿಗೆ ಒರಗಿ ನಿಂತು ಲೆಕ್ಕ ಹಾಕಿದರು.

"ಹೋದ ವರ್ಷಾನೂ ಹನ್ನೆರಡೇ ಇತ್ತು."

"ಈಗ್ಲೂ ಅಷ್ಟೇ ಇದೆ."

"ಹಾಗಾದ್ರೆ ಮೆಂತ್ಯ?"

"ಮೆಂತ್ಯ ಒಳ್ಳೇದೇ ಬೀಗರೇ" ಎಂದರು ಶಿವರುದ್ರಪ್ಪನವರು ಸಮಾಧಾನ ಹೇಳುವಂತೆ. "ಅದರ ತಪ್ಪಲ್ಲ."

"ಅಯ್ಯನೋರೇ, ಕ್ಯಾರಿಯರ್ರು ಇಟ್ಕೊಂಡು ಈ ವಯಸ್ಸಲ್ಲಿ ಹನ್ನೆರಡು ಅಂದ್ರೆ ಕಮ್ಮಿ ಏನಲ್ಲ" ಎಂದ ಚೆಲುವರಾಜು. ಅವನ ದನಿಯಲ್ಲಿ ಭಕ್ತಿ ಇನ್ನೂ ಪೂರ್ತಿ ಹೋಗಿರಲಿಲ್ಲ.

ಏಕಾಂತಯ್ಯನವರು ಸೈಕಲ್ಲನ್ನು ಮೈಸೂರಿನ ಕಡೆಗೆ ತಿರುಗಿಸಿದರು. ಯಾವ ಮುಖ ಇಟ್ಟುಕೊಂಡು ಆ ಬಾಗಿಲಿಗೆ ಹೋಗುವುದು? ಶಿವರುದ್ರಪ್ಪನವರು ಹ್ಯಾಂಡಲು ಹಿಡಿದುಕೊಂಡರು.

"ಎಲ್ಲಿಗೆ ಹೋಗ್ತೀರಿ? ಹುಡುಗಿ ಬೆಳಗಿಂದ ಬಾಗಿಲಲ್ಲಿ ನಿಂತಿದ್ದಾಳೆ. ನೀವು ಬರದೆ ಹೋದ್ರೆ ಅವಳಿಗೆ ನಾನೇನು ಹೇಳ್ಲಿ? ನಮ್ಮ ಮನೇಲಿ ನಂಗೆ ಮಾತಾಡೋಕ್ಕೂ ಬಿಡಲ್ಲ."

ಎರಡು ಸೈಕಲ್ಲು ತಳ್ಳಿಕೊಂಡು ಮೂವರೂ ನಡೆದು ಹೋದರು. ತಪ್ಪಾಯಿತು ಎಂದು ಹೇಳಿಬಿಡಬೇಕು, ರೊಟ್ಟಿ ಕೊಟ್ಟು ಬಂದುಬಿಡಬೇಕು, ಅಷ್ಟೇ ಎಂದು ಏಕಾಂತಯ್ಯನವರು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡರು. ಪ್ರೇಮಲೀಲಾ ಬಾಗಿಲಲ್ಲಿದ್ದಳು. ಅವಳ ಹಿಂದೆ ಶಿವನಂಜಮ್ಮ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದರು.

"ಅಮ್ಮಾವ್ರೇ, ನನ್ನಿಂದ ಒಂದು ತಪ್ಪಾಗಿದೆ. ಆ ಕಲ್ಲು..."

ಕಲ್ಲಿನ ಮಾತು ಈ ಮನೆಯಲ್ಲಿ ಯಾರ ಬಾಯಲ್ಲೂ ಪೂರ್ತಿಯಾಗುವ ಯೋಗವಿರಲಿಲ್ಲ. ಅಷ್ಟರಲ್ಲಿ ಪ್ರೇಮಲೀಲಾ ಕಂಬಳಿ ಎಳೆದು, ಡಬ್ಬಿಯ ಮುಚ್ಚಳ ತೆಗೆದು, ಜಗಲಿಯ ಮೇಲೆ ಕೂತುಬಿಟ್ಟಿದ್ದಳು. ರೊಟ್ಟಿ ಬಿಗಿದು ಕೂತಿತ್ತು, ಹರಿದರೆ ಹರಿಯುತ್ತಿರಲಿಲ್ಲ. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಚ್ಚಿದಳು. ಒಂದು ತುಂಡು ಒಳಗೆ ಹೋಯಿತು. ಇನ್ನೊಂದು ತುಂಡು ಹೋಯಿತು. ಬಚ್ಚಲಿಗೆ ಓಡಲಿಲ್ಲ. ಮೂರನೆಯದನ್ನು ಮುರಿಯುತ್ತಿದ್ದಳು.

"ಬಿಸಿ ಇದೆಯೇನೇ?" ಎಂದು ಕೇಳಿದರು ಶಿವನಂಜಮ್ಮ.

ಪ್ರೇಮಲೀಲಾ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ಅಪ್ಪನನ್ನು ನೋಡಿದಳು. ಮಫ್ಲರು ಜಾರಿದೆ, ಪಂಚೆಗೆಲ್ಲ ಚೈನಿನ ಎಣ್ಣೆ, ಧೂಳು ಮೆತ್ತಿದ ಕೆನ್ನೆಯ ಮೇಲೆ ಎರಡು ಗೆರೆ.

"ಸುಡ್ತಾ ಇದೆ ಅತ್ತೆ" ಎಂದಳು.

ಶಿವನಂಜಮ್ಮ ಬಂದು ಸೊಸೆಯ ಪಕ್ಕದಲ್ಲಿ ಕೂತರು. ಕೈ ಚಾಚಿ ಡಬ್ಬಿಯೊಳಗಿನ ಇನ್ನೊಂದು ರೊಟ್ಟಿಯ ಮೇಲೆ ಬೆರಳಿಟ್ಟರು. ಅದು ಕೊಡದ ನೀರಿನಷ್ಟು ತಣ್ಣಗಿತ್ತು. ಅವರು ಬೆರಳನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡು, ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ತಿನ್ನುತ್ತಿದ್ದ ಹುಡುಗಿಯ ಮುಖವನ್ನೇ ನೋಡಿದರು. ಆಮೇಲೆ ಸರಕ್ಕನೆ ಕೈ ಹಿಂದಕ್ಕೆ ತೆಗೆದು, ಬೆರಳ ತುದಿಗೆ ಉಫ್ ಉಫ್ ಎಂದು ಊದಿಕೊಂಡರು.

"ಅಯ್ಯಪ್ಪಾ! ಕೈ ಸುಟ್ಟೋಯ್ತು" ಎಂದರು.

ಶಿವರುದ್ರಪ್ಪನವರು ಕೆಮ್ಮುವುದನ್ನೂ ಮರೆತು ನಿಂತರು. ಶಿವನಂಜಮ್ಮ ಕಣ್ಣಿಗೆ ಸೆರಗು ಒತ್ತಿಕೊಂಡು ಎದ್ದು, ಒಳಗೆ ಹೋಗುತ್ತಾ ಜೋರಾಗಿ ಹೇಳಿದರು.

"ನಿಧಾನವಾಗಿ ತಿನ್ನು. ಆಮೇಲೆ ಸೀರೆ ಮಡಿಚ್ಕೋ. ಬೀಗರು ಮಾತು ಉಳಿಸ್ಕೊಂಡ್ರು, ನಾನೂ ಉಳಿಸ್ಕೋಬೇಡ್ವಾ? ಆದ್ರೆ ಸೀಮಂತಕ್ಕೆ ಬಂದು ಇಲ್ಲೇ ಕೂರ್ಬೇಕು, ಹೇಳಿದ್ದೀನಿ."

ಸಂಜೆಯ ಬಸ್ಸಿಗೆ ಅಪ್ಪ ಮಗಳು ಹತ್ತಿದರು. ಏಕಾಂತಯ್ಯನವರ ಸೈಕಲ್ಲು ಬಸ್ಸಿನ ತಲೆಯ ಮೇಲೆ ಹೋಯಿತು. ಪ್ರೇಮಲೀಲಾ ಕಿಟಕಿಯ ಪಕ್ಕ ಕೂತು ಅಪ್ಪನ ಭುಜಕ್ಕೆ ತಲೆ ಒರಗಿಸಿದ ಕೂಡಲೇ ನಿದ್ದೆ ಹೋದಳು. ಸೇತುವೆ ದಾಟಿ ಬಸ್ಸು ವೇಗ ಹಿಡಿಯುತ್ತಿದ್ದಂತೆ ಏಕಾಂತಯ್ಯನವರು ಕೂತಲ್ಲಿಂದಲೇ ಕೂಗಿದರು.

"ನಿಧಾನ ಹೋಗಯ್ಯಾ ಡ್ರೈವರ್ರೇ! ಬಸುರಿ ಹೆಂಗಸು ಇದ್ದಾಳೆ."

ಬಸ್ಸು ನಿಧಾನವಾಯಿತು. ಸ್ವಲ್ಪ ದೂರ ಹೋಗಿ ಏಕಾಂತಯ್ಯನವರು ಮತ್ತೆ ಕೂಗಿದರು. ಇನ್ನೂ ನಿಧಾನವಾಯಿತು. ಮೂರನೆಯ ಸಲ ಕೂಗಿದಾಗ ಡ್ರೈವರು ತಿರುಗಿಯೇ ನೋಡಿದ. ಕಿಟಕಿಯ ಹೊರಗೆ ಚೆಲುವರಾಜು ತಲೆ ತಗ್ಗಿಸಿ ಸೈಕಲ್ಲು ತುಳಿಯುತ್ತಾ ಬಸ್ಸನ್ನು ದಾಟಿ ಹೋಗುತ್ತಿದ್ದ.

"ಸ್ವಾಮಿ, ಸೈಕಲ್ನೋರೆಲ್ಲ ನಮ್ಮನ್ನ ಹಿಂದಕ್ಕೆ ಹಾಕ್ತಾವ್ರೆ!"

ಏಕಾಂತಯ್ಯನವರು ಮಗಳ ನಿದ್ದೆ ಕೆಡದಂತೆ ಭುಜ ಅಲುಗಿಸದೆ, ದನಿ ತಗ್ಗಿಸಿ ಹೇಳಿದರು.

"ಹೋಗ್ಲಿ ಬುಡಪ್ಪ, ಹೋಗೋರು ಹೋಗ್ಲಿ."